ಕಡಿಮೆ ಬೆಲೆಯ ಗ್ಯಾಸ್ ಪಿಸ್ಟನ್ ಏರ್ ರೈಫಲ್: ಕೊಳ್ಳುವ ದಿನದಿಂದ ಮಳೆಗಾಲ ದಾಟಿಸುವವರೆಗೆ

ನಾನು ಕೊಂಡ ಮೊದಲ ಗ್ಯಾಸ್ ಪಿಸ್ಟನ್ ರೈಫಲ್ ಮೂರೇ ತಿಂಗಳಲ್ಲಿ ಕೆಟ್ಟಿತು. ಅದನ್ನು ಕೆಡಿಸಿದ್ದು ನನ್ನದೇ ಅತಿಯಾದ ಕಾಳಜಿ. ಯಂತ್ರವೆಂದ ಮೇಲೆ ಎಣ್ಣೆ ಬೇಕೆಂಬ ನಂಬಿಕೆಯಿಂದ, ಪೆಲೆಟ್ ಎಂಬ ಸಣ್ಣ ಲೋಹದ ಗುಂಡನ್ನು ಹಾಕಲು ನಳಿಗೆಯನ್ನು ಅದರ ಕೀಲಿನಲ್ಲಿ ಕೆಳಕ್ಕೆ ಬಾಗಿಸಿದಾಗ ಕಾಣುವ ಸಣ್ಣ ತೂತಿನೊಳಕ್ಕೆ ಹೊಲಿಗೆ ಯಂತ್ರದ ಎಣ್ಣೆಯನ್ನು ಐದಾರು ಹನಿ ಬಿಟ್ಟೆ. ಮರುದಿನದ ಮೊದಲ ಈಡು ಪಟಾಕಿಯಂತೆ ಸಿಡಿಯಿತು. ನಳಿಗೆಯ ತುದಿಯಿಂದ ನೀಲಿ ಬಿಳುಪಿನ ಹೊಗೆ ಬಂತು, ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಅಡರಿತು. ರೈಫಲ್‌ಗೆ ಬಲ ಬಂದಿದೆ ಎಂದು ಹಿಗ್ಗಿ ಇನ್ನೂ ಹತ್ತು ಹನ್ನೆರಡು ಬಾರಿ ಹೊಡೆದೆ. ವಾರದೊಳಗೆ ಅದರ ಅರ್ಧ ಶಕ್ತಿ ಇಳಿದುಹೋಯಿತು. ರಿಪೇರಿಯವರು ಬಿಚ್ಚಿ ತೋರಿಸಿದಾಗ ಪಿಸ್ಟನ್ನಿನ ತಲೆಗಿರುವ, ಗಾಳಿ ಸೋರದಂತೆ ತಡೆಯುವ ಸೀಲಿನ ಅಂಚು ಸುಟ್ಟು ಕಪ್ಪಾಗಿ ಸೀಳು ಬಿಟ್ಟಿತ್ತು. ಪಿಸ್ಟನ್ ಮುಂದಕ್ಕೆ ನುಗ್ಗಿದಾಗ ಎದುರಿನ ಗಾಳಿ ಕ್ಷಣಾರ್ಧದಲ್ಲಿ ಕುಗ್ಗಿ ಅತಿಯಾಗಿ ಬಿಸಿಯಾಗುತ್ತದೆ. ಆ ಬಿಸಿಗೆ ಎಣ್ಣೆಯ ಆವಿ ಡೀಸೆಲ್ ಎಂಜಿನ್ನಿನಲ್ಲಿ ಹೊತ್ತಿಕೊಳ್ಳುವಂತೆಯೇ ಹೊತ್ತಿಕೊಳ್ಳುತ್ತದೆ.

ಅಂದಿನಿಂದ ಈವರೆಗೆ ನಾನು ಕಲಿತದ್ದರ ಬಹುಪಾಲು, ಈ ರೈಫಲ್ಲಿನ ಯಾವ ಭಾಗವನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂಬುದೇ ಆಗಿದೆ. ಮುಂದಿನ ಮಾತುಗಳನ್ನು ಆ ಕ್ರಮದಲ್ಲಿಯೇ ಹೇಳುತ್ತೇನೆ.

ಯಾವ ಗ್ಯಾಸ್, ಎಲ್ಲಿರುವ ಗ್ಯಾಸ್

ಅಂಗಡಿಯಲ್ಲಿ ‘ಗ್ಯಾಸ್ ರೈಫಲ್’ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಯಂತ್ರಗಳನ್ನು ತೋರಿಸುತ್ತಾರೆ. ಮೊದಲನೆಯದು 12 ಗ್ರಾಂ ತೂಕದ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಹಾಕುವ ರೈಫಲ್. ಇದರಲ್ಲಿ ಪ್ರತಿ ಈಡಿಗೂ ಗ್ಯಾಸ್ ಖರ್ಚಾಗುತ್ತದೆ, ಮತ್ತು ಅದರ ಒತ್ತಡ ಹವೆಯನ್ನು ಅವಲಂಬಿಸಿರುತ್ತದೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 57 ಬಾರ್ ಇರುವ ಒತ್ತಡ 0 ಡಿಗ್ರಿಯಲ್ಲಿ 35 ಬಾರ್‌ಗೆ ಇಳಿಯುತ್ತದೆ. ಎರಡನೆಯದು ಮೊದಲೇ ಪಂಪು ಹೊಡೆದು ತುಂಬಿಸಿದ ಗಾಳಿಯ ರೈಫಲ್. ಇಂದು 10 ಮೀಟರ್ ಸ್ಪರ್ಧೆಯಲ್ಲಿ ಕಾಣುವ ರೈಫಲ್‌ಗಳೆಲ್ಲ ಈ ಜಾತಿಯವು. ಅತ್ಯಂತ ನಿಖರ, ಆದರೆ ರೈಫಲ್, ಪಂಪು, ಗೇಜು ಎಲ್ಲ ಸೇರಿ ದುಬಾರಿ.

ಮೂರನೆಯದು ಈ ಬರಹದ ವಿಷಯವಾದ ಗ್ಯಾಸ್ ಪಿಸ್ಟನ್. ಹಳೆಯ ಏರ್‌ಗನ್ನಿನಲ್ಲಿ ಉಕ್ಕಿನ ಸುರುಳಿ ಸ್ಪ್ರಿಂಗ್ ಇದ್ದ ಜಾಗದಲ್ಲಿ ಇದರಲ್ಲಿ ಮುಚ್ಚಿದ ಸಿಲಿಂಡರಿನೊಳಗೆ ಒತ್ತಿಟ್ಟ ಸಾರಜನಕ ಅಥವಾ ಗಾಳಿ ಇರುತ್ತದೆ. ಕಾರಿನ ಡಿಕ್ಕಿಯ ಬಾಗಿಲನ್ನು ಮೇಲಕ್ಕೆ ಎತ್ತಿ ಹಿಡಿಯುವ ಕಡ್ಡಿಯನ್ನು ನೋಡಿದವರಿಗೆ ಇದರ ತತ್ತ್ವ ಕೂಡಲೇ ತಿಳಿಯುತ್ತದೆ. ಆ ಗ್ಯಾಸ್ ಹೊರಗೆ ಹೋಗುವುದಿಲ್ಲ, ಖರ್ಚಾಗುವುದಿಲ್ಲ; ಪ್ರತಿ ಬಾರಿ ನಳಿಗೆ ಬಾಗಿಸಿದಾಗ ಕುಗ್ಗಿ, ಟ್ರಿಗರ್ ಎಳೆದಾಗ ಹಿಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ ಅಷ್ಟೇ. 1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಥಿಯೋಬೆನ್ ಕಂಪನಿ ಇದನ್ನು ರೈಫಲ್ಲಿಗೆ ತಂದಿತು. ಆಗ ಸಿರಿವಂತರ ವಸ್ತುವಾಗಿದ್ದ ಈ ಏರ್ಪಾಡು, ಅಮೆರಿಕದ ಕ್ರಾಸ್‌ಮನ್ ‘ನೈಟ್ರೋ ಪಿಸ್ಟನ್’ ಎಂಬ ಹೆಸರಿನಲ್ಲಿ ಕಡಿಮೆ ಬೆಲೆಗೆ ಮಾರತೊಡಗಿದ ಮೇಲೆ ಸಾಮಾನ್ಯರ ಕೈಗೂ ಬಂತು.

ಸ್ಪ್ರಿಂಗಿಗಿಂತ ಇದಕ್ಕಿರುವ ಅನುಕೂಲಗಳೆಂದರೆ, ಹೊಡೆದಾಗ ಒಳಗಿನಿಂದ ‘ಟೊಂಯ್’ ಎಂಬ ಕಂಪನ ಬರುವುದಿಲ್ಲ, ಚಳಿಯಲ್ಲಿ ಸೋಲುವುದು ಕಡಿಮೆ. ಹವೆಯ ಪರಿಣಾಮ ಇಲ್ಲವೆಂದಲ್ಲ: ಮಡಿಕೇರಿಯ 15 ಡಿಗ್ರಿ ಬೆಳಗಿಗೂ ರಾಯಚೂರಿನ 35 ಡಿಗ್ರಿ ಮಧ್ಯಾಹ್ನಕ್ಕೂ ಒಳಗಿನ ಒತ್ತಡದಲ್ಲಿ ಸುಮಾರು ಶೇಕಡಾ 7ರಷ್ಟು ವ್ಯತ್ಯಾಸವಾಗುತ್ತದೆ. ಅನನುಕೂಲವೂ ಇದೆ. ಸ್ಪ್ರಿಂಗ್ ಮೊದಲಿಗೆ ಮೆತ್ತಗಿದ್ದು ಆಮೇಲೆ ಬಿಗಿಯುತ್ತದೆ. ಗ್ಯಾಸ್ ಪಿಸ್ಟನ್ ಮೊದಲ ಅಂಗುಲದಿಂದಲೇ ಗಟ್ಟಿಯಾಗಿ ಎದುರು ನಿಲ್ಲುತ್ತದೆ. ಅಂಗಡಿಯಲ್ಲಿ ಒಮ್ಮೆ ಬಾಗಿಸಿ ನೋಡಿ ಸುಲಭವೆನಿಸಿದ್ದು ಐವತ್ತನೆಯ ಬಾರಿಗೆ ತೋಳು ನೋಯಿಸಬಹುದು. ಆದ್ದರಿಂದ ಅಂಗಡಿಯವರ ಅನುಮತಿ ಪಡೆದು, ಸಾಧ್ಯವಾದರೆ ಅವರ ಗುರಿಹಲಗೆಗೇ ಹತ್ತು ಈಡು ಹೊಡೆದು ನೋಡಿರಿ.

ಕಾನೂನು ಮೊದಲು

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್, ಅಂದರೆ 0.177 ಇಂಚು ಮೀರದೆ, ಪೆಲೆಟ್ ಹೊರಬೀಳುವಾಗಿನ ಶಕ್ತಿ 20 ಜೂಲ್ ಮೀರದೆ ಇರುವ ಏರ್ ರೈಫಲ್ಲಿಗೆ ಪರವಾನಗಿ ಬೇಕಿಲ್ಲ. ಇವೆರಡರಲ್ಲಿ ಯಾವುದೊಂದು ಮೀರಿದರೂ ಪರವಾನಗಿ ಬೇಕು. 5.5 ಮಿಲಿಮೀಟರ್ ನಳಿಗೆಯ ರೈಫಲ್ ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಪರವಾನಗಿಯಿಲ್ಲದೆ ಮನೆಗೆ ತರಬಾರದು.

20 ಜೂಲ್ ಎಂದರೆ ಎಷ್ಟೆಂದು ನೀವೇ ಲೆಕ್ಕ ಹಾಕಬಹುದು. 0.53 ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 16.6 ಜೂಲ್, 275 ಮೀಟರ್ ವೇಗದಲ್ಲಿ ಸರಿಸುಮಾರು 20. ಡಬ್ಬಿಯ ಮೇಲೆ ಸೆಕೆಂಡಿಗೆ 1200 ಅಡಿ, 1300 ಅಡಿ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಮರುಳಾಗಬೇಡಿ. ಅವು ಸಾಮಾನ್ಯವಾಗಿ ಹಗುರ ಮಿಶ್ರಲೋಹದ ಪೆಲೆಟ್ ಹಾಕಿ ಪಡೆದ ಅಂಕಿಗಳು. ಶಬ್ದದ ವೇಗವಾದ ಸೆಕೆಂಡಿಗೆ 343 ಮೀಟರಿನ ಹತ್ತಿರ ಹೋದ ಪೆಲೆಟ್ ಗಾಳಿಯಲ್ಲಿ ತೊನೆದಾಡಿ ಗುರಿ ತಪ್ಪುತ್ತದೆ. ಖರೀದಿಯ ಬಿಲ್, ಒಳವ್ಯಾಸ ಮತ್ತು ಶಕ್ತಿಯನ್ನು ನಮೂದಿಸಿರುವ ಕಂಪನಿಯ ಕಾಗದ, ಎರಡನ್ನೂ ರೈಫಲ್ಲಿನ ಚೀಲದಲ್ಲೇ ಇಟ್ಟುಕೊಳ್ಳಿ. ಸಾಗಿಸುವಾಗ ಪೆಲೆಟ್ ಇಲ್ಲದೆ, ಮುಚ್ಚಿದ ಚೀಲದಲ್ಲಿ ಸಾಗಿಸಿ. ದೂರದಿಂದ ನೋಡಿದವರಿಗೆ ಅದು ತೋಟಾ ಕೋವಿಯಂತೆಯೇ ಕಾಣುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮಲೆನಾಡಿನಲ್ಲಿ ಅಡಿಕೆ, ಬಾಳೆ, ಏಲಕ್ಕಿ ಬೆಳೆಯುವವರು ಮಂಗನ ಕಾಟಕ್ಕೆಂದೇ ಏರ್‌ಗನ್ ಕೊಳ್ಳುವುದನ್ನು ನಾನು ನೋಡಿದ್ದೇನೆ. ಬೆಳೆ ಕಳೆದುಕೊಂಡವರ ಸಂಕಟ ನನಗೆ ಅರ್ಥವಾಗುತ್ತದೆ, ನಮ್ಮ ತೋಟದಲ್ಲೂ ಅದು ಇದೆ. ಆದರೂ ಪೆಲೆಟ್ ಹೊಕ್ಕ ಪ್ರಾಣಿ ಕೂಡಲೇ ಸಾಯುವುದಿಲ್ಲ. ಕೀವುಗಟ್ಟಿ, ಹೊಟ್ಟೆಗಿಲ್ಲದೆ, ದಿನಗಟ್ಟಲೆ ನರಳಿ ಸಾಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಪ್ರಾಣಿ, ಹಕ್ಕಿಗಳ ಬೇಟೆ ಅಪರಾಧ. ಪರವಾನಗಿ ಬೇಕಿಲ್ಲದ ಕೋವಿಯಿಂದ ಹೊಡೆದರೂ ಅದು ಅಪರಾಧವೇ. ಕಾಗದದ ಗುರಿ, ಖಾಲಿ ಡಬ್ಬಿ, ದಾರಕ್ಕೆ ತೂಗುಹಾಕಿದ ಬಾಟಲಿ ಮುಚ್ಚಳ: ಈ ರೈಫಲ್ ಇರುವುದು ಇವುಗಳಿಗಾಗಿ.

ಮೊದಲ ದಿನ: ಬಟ್ಟೆಯ ತುಂಡು ಮತ್ತು ಸ್ಕ್ರೂಡ್ರೈವರ್

ಹೊಸ ರೈಫಲ್ಲಿನ ನಳಿಗೆಯೊಳಗೆ ತುಕ್ಕು ಹಿಡಿಯದಂತೆ ಕಾರ್ಖಾನೆಯಲ್ಲಿ ಹಚ್ಚಿದ ಎಣ್ಣೆ ಇರುತ್ತದೆ. ಹಾಗೆಯೇ ಹೊಡೆದರೆ ಮೇಲೆ ಹೇಳಿದ ಹೊಗೆಯೇ ಬರುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ನಳಿಗೆಯ ಮೂರರಷ್ಟು ಉದ್ದಕ್ಕೆ ಕತ್ತರಿಸಿ ಮಡಚಿ, ಮಡಿಕೆಯಲ್ಲಿ ಹಳೆಯ ಹತ್ತಿ ಪಂಚೆಯ ಎರಡು ಬೆರಳಗಲದ ತುಂಡನ್ನು ಸಿಕ್ಕಿಸಿ, ಪೆಲೆಟ್ ಹಾಕುವ ಕಡೆಯಿಂದ ಬಾಯಿಯ ಕಡೆಗೆ ಎಳೆಯಿರಿ. ನನ್ನ ಈಗಿನ ರೈಫಲ್ಲಿನಲ್ಲಿ ಮೊದಲ ತುಂಡು ಕಾಡಿಗೆಯಂತೆ ಕಪ್ಪಾಗಿ ಬಂತು, ಮೂರನೆಯದು ಹಸಿರು ಬೆರೆತ ಕಂದು, ಏಳನೆಯದು ತೆಳು ಬೂದು, ಒಂಬತ್ತನೆಯದರಲ್ಲಿ ಪಂಚೆಯ ಬಣ್ಣವೇ ಉಳಿದಿತ್ತು. ಅಲ್ಲಿಗೆ ನಿಲ್ಲಿಸಿ. ಕ್ಲೀನರ್ ದ್ರವವಾಗಲಿ, ಹಿತ್ತಾಳೆ ಬ್ರಷ್ಷಾಗಲಿ ಬೇಡ.

ಆಮೇಲೆ ಎಲ್ಲ ಸ್ಕ್ರೂಗಳನ್ನು ಒಮ್ಮೆ ನೋಡಿಕೊಳ್ಳಿ. ಸಾಮಾನ್ಯವಾಗಿ ಮುಂಗಟ್ಟಿನ, ಅಂದರೆ ಮುಂಗೈ ಹಿಡಿಯುವ ಭಾಗದ ಎರಡು ಬದಿಗೆ ಒಂದೊಂದು, ಟ್ರಿಗರ್ ಕಾವಲಿನ ಬಳಿ ಒಂದೆರಡು ಇರುತ್ತವೆ. ಅಗ್ಗದ ರೈಫಲ್ಲಿನಲ್ಲಿ ಇವು ಕಾರ್ಖಾನೆಯಿಂದಲೇ ಸಡಿಲವಾಗಿ ಬರುವುದುಂಟು, ಮತ್ತು ಗ್ಯಾಸ್ ಪಿಸ್ಟನ್ನಿನ ಚೂಪಾದ ಹೊಡೆತಕ್ಕೆ ಇನ್ನಷ್ಟು ಸಡಿಲಗೊಳ್ಳುತ್ತವೆ. ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬಳಸಿ ಮೂರು ಬೆರಳಿನ ಬಲದಿಂದ ಬಿಗಿಯಿರಿ. ಸ್ಟಾಕ್, ಅಂದರೆ ರೈಫಲ್ಲಿನ ಹಿಡಿಕಟ್ಟು, ಮರದ್ದಾಗಿದ್ದರೆ ಮುಷ್ಟಿಯ ಬಲ ಹಾಕಿದಾಗ ಮರ ಸೀಳುತ್ತದೆ. ನೀಲಿ ಬಣ್ಣದ, ಬಿಚ್ಚಲು ಬರುವ ತ್ರೆಡ್‌ಲಾಕರ್ ಅಂಟನ್ನು ಒಂದೊಂದು ಹನಿ ಹಚ್ಚಿದರೆ ಸ್ಕ್ರೂಗಳು ತಿಂಗಳುಗಟ್ಟಲೆ ಅಲುಗುವುದಿಲ್ಲ. ಕೆಂಪು ಬಣ್ಣದ್ದನ್ನು ಹಚ್ಚಬಾರದು, ಅದು ಮತ್ತೆ ಬಿಚ್ಚುವುದು ಬಹಳ ಕಷ್ಟ.

ಮೊದಲ 300ರಿಂದ 500 ಈಡುಗಳವರೆಗೆ ಸೀಲು ಸಿಲಿಂಡರಿಗೆ ಹೊಂದಿಕೊಳ್ಳುತ್ತಿರುತ್ತದೆ. ಆ ಅವಧಿಯಲ್ಲಿ ಈಡುಗಳು ಚದುರುವುದು, ಒಂದೆರಡು ಬಾರಿ ತೆಳು ಹೊಗೆ ಬರುವುದು ಸಹಜ. ಅದನ್ನು ನೋಡಿ ಸ್ಕೋಪನ್ನೋ (ಗುರಿ ನೋಡುವ ದುರ್ಬೀನು) ಪೆಲೆಟ್ಟನ್ನೋ ಬದಲಿಸಲು ಹೊರಡಬೇಡಿ.

ನಳಿಗೆ ಬಾಗಿಸುವಾಗ

ಈ ರೈಫಲ್ಲಿನಲ್ಲಿ ಹೆಚ್ಚಿನ ಪೆಟ್ಟುಗಳು ಆಗುವುದು ಹೊಡೆಯುವಾಗಿಗಿಂತ ಪೆಲೆಟ್ ಹಾಕುವಾಗ. ಬಾಗಿಸಿದ ನಳಿಗೆ ಆಕಸ್ಮಿಕವಾಗಿ ಕಳಚಿ ಮೇಲಕ್ಕೆ ಬಡಿದರೆ ಬೆರಳಿನ ಮೂಳೆ ಮುರಿಯುತ್ತದೆ, ನಳಿಗೆಯೂ ಡೊಂಕಾಗುತ್ತದೆ. ಆದ್ದರಿಂದ ಹಿಂಬದಿಯನ್ನು ತೊಡೆಗೆ ಆನಿಸಿ, ಒಂದೇ ಎಳೆತದಲ್ಲಿ ‘ಟಕ್’ ಎನ್ನುವವರೆಗೂ ಬಾಗಿಸಿ, ಪೆಲೆಟ್ ಕೂರಿಸಿ ನಳಿಗೆಯನ್ನು ಮತ್ತೆ ಮುಚ್ಚುವವರೆಗೂ ಆ ಕೈಯನ್ನು ನಳಿಗೆಯಿಂದ ತೆಗೆಯಬೇಡಿ. ಟ್ರಿಗರಿನ ಬಳಿಗೆ ಬೆರಳು ಹೋಗುವುದು ಗುರಿ ಹಿಡಿದ ಮೇಲೆ ಮಾತ್ರ. ಪೆಲೆಟ್ ಹಾಕದೆ ಖಾಲಿ ಹೊಡೆಯಬಾರದು. ಎದುರಿಗೆ ತಡೆಯುವ ಗಾಳಿಯ ಮೆತ್ತೆ ಇಲ್ಲದೆ ಪಿಸ್ಟನ್ ಸಿಲಿಂಡರಿನ ತುದಿಗೆ ನೇರವಾಗಿ ಬಡಿಯುತ್ತದೆ. ಗ್ಯಾಸ್ ಪಿಸ್ಟನ್ನನ್ನು ಬಾಗಿಸಿಯೇ ಗಂಟೆಗಟ್ಟಲೆ ಇಟ್ಟರೂ ಬಲ ಕುಗ್ಗುವುದಿಲ್ಲ ಎಂಬುದು ನಿಜವಾದರೂ, ಸಜ್ಜಾಗಿರುವ ಕೋವಿಯನ್ನು ಗೋಡೆಗೆ ಒರಗಿಸಿ ಎದ್ದು ಹೋಗಲು ಅದು ಕಾರಣವಾಗಬಾರದು.

ಗುರಿಯ ಹಿಂದೆ ಏನಿದೆ ಎಂಬುದನ್ನು ಮೊದಲು ನೋಡಿ. ಪೆಲೆಟ್ ಕೆಲವು ನೂರು ಮೀಟರ್ ಹಾರಬಲ್ಲದು. ಒಂದು ಅಡಿ ಆಳದ ಮರದ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆಯನ್ನು ಒತ್ತೊತ್ತಾಗಿ ತುಂಬಿ, ಅದನ್ನು ಮಣ್ಣಿನ ದಿಬ್ಬದ ಅಥವಾ ಗೋಡೆಯ ಮುಂದೆ ಇಟ್ಟರೆ ಸಾಕು. ಕಲ್ಲು, ಕಬ್ಬಿಣ, ಗಟ್ಟಿ ಮರಕ್ಕೆ ಹೊಡೆದರೆ ಪೆಲೆಟ್ ಹಿಂದಕ್ಕೆ ಚಿಮ್ಮುತ್ತದೆ. ಹೊಡೆಯುವವರಿಗೂ ಪಕ್ಕದಲ್ಲಿ ನಿಂತವರಿಗೂ ಕಣ್ಣಿನ ರಕ್ಷಣೆಯ ಕನ್ನಡಕ ಇರಲೇಬೇಕು. ಪೆಲೆಟ್ ಸೀಸದ್ದಾದ್ದರಿಂದ ಬಾಯಲ್ಲಿ ಕಚ್ಚಿ ಹಿಡಿಯುವ ಅಭ್ಯಾಸ ಬೇಡ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಹಿಡಿತ, ಪೆಲೆಟ್, ಸ್ಕೋಪ್

ಗ್ಯಾಸ್ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ರೈಫಲ್ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ತುದಿ ತಲುಪಿ ನಿಂತ ಕೂಡಲೇ ಮುಂದಕ್ಕೆ ಜಗ್ಗುತ್ತದೆ. ಇದೆಲ್ಲ ನಡೆಯುವಾಗ ಪೆಲೆಟ್ ಇನ್ನೂ ನಳಿಗೆಯೊಳಗೇ ಇರುತ್ತದೆ. ಬಿಗಿಯಾಗಿ ಹಿಡಿದರೆ ನಿಮ್ಮ ಹಿಡಿತದಲ್ಲಿನ ಪ್ರತಿಯೊಂದು ಏರುಪೇರೂ ಗುರಿಹಾಳೆಯ ಮೇಲೆ ಬೀಳುತ್ತದೆ. ಮುಂಗಟ್ಟನ್ನು ಅಂಗೈಯ ಮೇಲೆ, ಮಗುವಿನ ತಲೆಗೆ ಕೈ ಕೊಟ್ಟಂತೆ ಸುಮ್ಮನೆ ಕೂರಿಸಿ, ಬೆರಳು ಮಡಚದೆ, ಭುಜಕ್ಕೆ ತಾಗಿಯೂ ತಾಗದಂತೆ ಇಟ್ಟು, ರೈಫಲ್ ತನ್ನಿಚ್ಛೆಯಂತೆ ಅಲುಗಲು ಬಿಡಬೇಕು. ಅಂಗೈ ಇಡುವ ಜಾಗ ಪ್ರತಿ ಸಲವೂ ಒಂದೇ ಆಗಿರಲೆಂದು ನಾನು ಸ್ಟಾಕಿನ ಕೆಳಗೆ ಸಣ್ಣ ಟೇಪಿನ ತುಂಡು ಅಂಟಿಸಿದ್ದೇನೆ. ಹಿಡಿತ ಬದಲಿಸಿದ ಒಂದೇ ಸಂಜೆಯಲ್ಲಿ ನನ್ನ ಐದು ಈಡುಗಳು 20 ಮೀಟರಿನಲ್ಲಿ ಅಂಗೈಯಗಲದಿಂದ ಐದು ರೂಪಾಯಿ ನಾಣ್ಯದ ಹತ್ತಿರಕ್ಕೆ ಬಂದವು. ಯಾವ ಬಿಡಿಭಾಗಕ್ಕೂ ದುಡ್ಡು ಹಾಕಿರಲಿಲ್ಲ.

ಪೆಲೆಟ್ಟುಗಳಲ್ಲಿ 0.45ರಿಂದ 0.55 ಗ್ರಾಂ ತೂಕದ ಸೀಸದವು ಈ ರೈಫಲ್‌ಗಳಿಗೆ ಒಗ್ಗುತ್ತವೆ. 10 ಮೀಟರಿನ ಕಾಗದಕ್ಕೆ ಚಪ್ಪಟೆ ತಲೆಯದು ಅಚ್ಚುಕಟ್ಟಾದ ತೂತು ಕೊರೆಯುತ್ತದೆ; ಅದಕ್ಕಿಂತ ದೂರಕ್ಕೆ ಗುಂಡು ತಲೆಯದು ಒಳ್ಳೆಯದು. ಮೂರು ನಾಲ್ಕು ಬಗೆಯ ಸಣ್ಣ ಡಬ್ಬಿ ತಂದು, ಒಂದೊಂದರಿಂದಲೂ ಹತ್ತು ಈಡು ಹೊಡೆದು, ನಿಮ್ಮ ನಳಿಗೆಗೆ ಯಾವುದು ಹಿಡಿಸುತ್ತದೆಂದು ನೋಡಿ. ಗೆಳೆಯನ ಅದೇ ಮಾದರಿಯ ರೈಫಲ್ಲಿಗೆ ಹಿಡಿಸಿದ್ದು ನಿಮ್ಮದಕ್ಕೆ ಹಿಡಿಸದಿರಬಹುದು. ಉಕ್ಕಿನ ಗುಂಡುಗಳನ್ನು ಮಾತ್ರ ಎಂದೂ ಹಾಕಬೇಡಿ, ಅವು ನಳಿಗೆಯೊಳಗಿನ ತಿರುಗೆರೆಗಳನ್ನು ಉಜ್ಜಿ ಹಾಳುಮಾಡುತ್ತವೆ.

ಎರಡೂ ಕಡೆಗೆ ಜಗ್ಗುವ ಈ ಹೊಡೆತಕ್ಕೆ ಸಾಧಾರಣ ಸ್ಕೋಪಿನ ಒಳಗಿನ ಗಾಜು ಕಳಚುತ್ತದೆ. ಏರ್ ರೈಫಲ್ಲಿಗೆಂದೇ ಮಾಡಿದ ಸ್ಕೋಪ್, ಅದನ್ನು ರೈಫಲ್ಲಿಗೆ ಹಿಡಿದಿಡುವ ಒಂದೇ ತುಂಡಿನ ಮೌಂಟ್ ಮತ್ತು ಅದು ಹಿಂದೆ ಜಾರದಂತೆ ತಡೆಯುವ ಮೊಳೆ, ಮೂರೂ ಬೇಕು. ದುಡ್ಡು ಸಾಲದಿದ್ದರೆ ರೈಫಲ್ ಜೊತೆಗೆ ಬರುವ ತೆರೆದ ಗುರಿಕಟ್ಟಿನಲ್ಲೇ ಒಂದು ವರ್ಷ ಹೊಡೆಯಿರಿ, ಏನೂ ನಷ್ಟವಿಲ್ಲ. ಸ್ಕೋಪ್ ಹೊಂದಿಸುವಾಗ ಒಂದೇ ಈಡನ್ನು ನಂಬದೆ, ಐದು ಹೊಡೆದು ಅವುಗಳ ನಡುವಿನ ಬಿಂದುವನ್ನು ಹಿಡಿಯಿರಿ. ಮೊದಲು 10 ಮೀಟರಿನಲ್ಲಿ ಹಾಳೆಗೆ ತಾಗುವಂತೆ ಮಾಡಿಕೊಂಡು ಆಮೇಲೆ 20 ಮೀಟರಿಗೆ ಹೋಗಿ. ಹೆಚ್ಚಿನ ಸ್ಕೋಪುಗಳಲ್ಲಿ ಹೊಂದಿಸುವ ತಿರುಪಿನ ಒಂದು ಕ್ಲಿಕ್ಕಿಗೆ ಗುರಿ 20 ಮೀಟರಿನಲ್ಲಿ ಸುಮಾರು 1.5 ಮಿಲಿಮೀಟರ್ ಮಾತ್ರ ಸರಿಯುತ್ತದೆ. 3 ಸೆಂಟಿಮೀಟರ್ ಸರಿಸಲು 20 ಕ್ಲಿಕ್ ಬೇಕು. ಇದು ಗೊತ್ತಿಲ್ಲದೆ ಎರಡು ಕ್ಲಿಕ್ ತಿರುಗಿಸಿ, ಏನೂ ಆಗಲಿಲ್ಲವೆಂದು ಸ್ಕೋಪನ್ನು ದೂರುವವರು ಬಹಳ.

ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ

ಹೊಡೆದ ದಿನಗಳಲ್ಲೆಲ್ಲ ಮಾಡಬೇಕಾದದ್ದು ಒಂದೇ ಕೆಲಸ: ಎಣ್ಣೆ ಸೋಕಿಸಿ ಹಿಂಡಿದ ಬಟ್ಟೆಯಿಂದ ಹೊರಗಿನ ಲೋಹವನ್ನು ಒರೆಸಿ, ಬೆವರಿನ ಬೆರಳಚ್ಚು ಉಳಿಯದಂತೆ ನೋಡಿಕೊಳ್ಳುವುದು. ತಿಂಗಳಿಗೊಮ್ಮೆ ಅಥವಾ 250 ಈಡುಗಳಿಗೊಮ್ಮೆ ಸ್ಕ್ರೂಗಳನ್ನು ನೋಡಿ. ನಳಿಗೆ ತಿರುಗುವ ಕೀಲಿಗೆ ಮತ್ತು ಬಾಗಿಸುವ ಕಡ್ಡಿ ಉಜ್ಜುವ ಜಾಗಕ್ಕೆ ಆರು ತಿಂಗಳಿಗೊಮ್ಮೆ ಮಾಲಿಬ್ಡಿನಂ ಗ್ರೀಸನ್ನು ಬೆಂಕಿಕಡ್ಡಿಯ ತುದಿಯಿಂದ, ಸಾಸಿವೆ ಕಾಳಿನಷ್ಟು ಹಚ್ಚಿ. ಸಿಲಿಂಡರಿನೊಳಕ್ಕೆ ಹೋಗುವ ತೂತಿಗೆ ಎಣ್ಣೆ, ಸ್ಪ್ರೇ, ಗ್ರೀಸು ಯಾವುದೂ ಸೋಕಬಾರದು. ನಳಿಗೆಯ ಒಳಗನ್ನು, ಈಡುಗಳು ಚದುರತೊಡಗಿದರೆ ಮಾತ್ರ ಒಣ ಬಟ್ಟೆಯಿಂದ ಎಳೆಯಿರಿ. ಹಾಗೆ ಎಳೆದ ಮೇಲೆ ಸೀಸದ ತೆಳುಪದರ ಮತ್ತೆ ಕೂರುವವರೆಗೆ ಇಪ್ಪತ್ತು ಮೂವತ್ತು ಈಡುಗಳು ಅಡ್ಡಾದಿಡ್ಡಿ ಹೋಗುತ್ತವೆ.

ನಳಿಗೆಯ ಹಿಂಬಾಯಿಯಲ್ಲಿರುವ ರಬ್ಬರಿನ ಓ-ರಿಂಗ್ ಅತ್ಯಂತ ಅಗ್ಗದ ಭಾಗ, ಅತಿ ಹೆಚ್ಚು ತೊಂದರೆ ಕೊಡುವುದೂ ಅದೇ. ಪರೀಕ್ಷಿಸಲು ಟಿಶ್ಯೂ ಕಾಗದದ ಸಣ್ಣ ಪಟ್ಟಿಯನ್ನು ನಳಿಗೆ ಮುಚ್ಚುವ ಸಂಧಿಯ ಮೇಲೆ ಹಗುರವಾಗಿ ಅಂಟಿಸಿ ಹೊಡೆಯಿರಿ. ಪಟ್ಟಿ ಹಾರಿದರೆ ಗಾಳಿ ಸೋರುತ್ತಿದೆ. ಹಳೆಯ ರಿಂಗನ್ನು ಮರದ ಹಲ್ಲುಕಡ್ಡಿಯಿಂದ ಮೀಟಿ ತೆಗೆದು, ಅದೇ ಅಳತೆಯ ಹೊಸದನ್ನು ಕೂರಿಸಿ. ಸೂಜಿ ಬಳಸಿದರೆ ಕುಳಿಯ ಅಂಚಿಗೆ ಗೀರು ಬೀಳುತ್ತದೆ. ಐದು ನಿಮಿಷದ ಕೆಲಸ.

ನವರಾತ್ರಿಯ ಆಯುಧಪೂಜೆಗೆ, ಕೊಡಗಿನಲ್ಲಾದರೆ ಸೆಪ್ಟೆಂಬರ್ 3ರ ಕೈಲ್‌ಪೋಳ್ದ್ ಹಬ್ಬಕ್ಕೆ, ರೈಫಲ್ಲನ್ನೂ ಇಟ್ಟು ಪೂಜಿಸುವವರು ಒಂದು ಸಂಗತಿಯನ್ನು ಗಮನಿಸಬೇಕು. ಒದ್ದೆ ಕುಂಕುಮ, ಅರಿಸಿನ, ನಿಂಬೆರಸ ಉಕ್ಕಿನ ಕಪ್ಪು ಲೇಪವನ್ನು ತಿನ್ನುತ್ತವೆ. ಒಂದು ವರ್ಷ ಪೂಜೆಯ ನಂತರ ಮೂರು ದಿನ ಹಾಗೆಯೇ ಬಿಟ್ಟಿದ್ದರಿಂದ ನನ್ನ ನಳಿಗೆಯ ಮೇಲೆ ಬೆರಳುತುದಿಯಷ್ಟಗಲದ ಕಂದು ಮಚ್ಚೆ ಮೂಡಿತು. ಇವತ್ತಿಗೂ ಅದು ಹೋಗಿಲ್ಲ. ಈಗ ಕುಂಕುಮವನ್ನು ಮರದ ಸ್ಟಾಕಿಗೆ ಇಡುತ್ತೇವೆ, ಹೂವನ್ನು ನಳಿಗೆಯ ಮೇಲೆ, ಮತ್ತು ಸಂಜೆಯೇ ಒರೆಸುತ್ತೇವೆ.

ಬಲ ಇಳಿದಿದೆಯೆನಿಸಿದಾಗ

ಕಾರಣವನ್ನು ಸುಲಭದ್ದರಿಂದ ಕಷ್ಟದ ಕಡೆಗೆ ಹುಡುಕುತ್ತ ಹೋಗಿ. ಈಡುಗಳು ಚದುರಿದರೆ ಮೊದಲು ಸ್ಟಾಕಿನ ಸ್ಕ್ರೂ, ಆಮೇಲೆ ಸ್ಕೋಪ್ ಮೌಂಟು, ಆಮೇಲೆ ಪೆಲೆಟ್ ಡಬ್ಬಿ, ಕೊನೆಗೆ ನಳಿಗೆ. ಪೆಲೆಟ್ ನಿಧಾನವಾಗಿ ಹೋಗುತ್ತಿದ್ದರೆ ಮೊದಲು ಓ-ರಿಂಗ್, ನಂತರ ಪಿಸ್ಟನ್ ಸೀಲು, ಕಟ್ಟಕಡೆಗೆ ಗ್ಯಾಸ್ ಸಿಲಿಂಡರ್. ಕೊನೆಯ ಎರಡನ್ನು ಬೇರ್ಪಡಿಸಿ ತಿಳಿಯಲು ಒಂದು ಉಪಾಯವಿದೆ. ರೈಫಲ್ ಹೊಸದಿದ್ದಾಗಲೇ, ಪೆಲೆಟ್ ಹಾಕದೆ, ಲಗೇಜು ತೂಗುವ ಕೊಕ್ಕೆ ತಕ್ಕಡಿಯನ್ನು ನಳಿಗೆಯ ತುದಿಗೆ ಬಟ್ಟೆಯ ಕುಣಿಕೆಯಿಂದ ಕಟ್ಟಿ, ಇನ್ನೊಬ್ಬರು ಹಿಂಬದಿಯನ್ನು ಗಟ್ಟಿಯಾಗಿ ಹಿಡಿದಿರುವಾಗ, ಪಿಸ್ಟನ್ ಎದುರು ಸಿಕ್ಕಿ ಅಲುಗತೊಡಗುವ ಕ್ಷಣದಲ್ಲಿ ಎಷ್ಟು ಕಿಲೋ ತೋರಿಸುತ್ತದೆಂದು ಬರೆದಿಡಿ. ಅಲ್ಲಿಂದ ಮುಂದೆ ಎಳೆಯದೆ ನಿಧಾನವಾಗಿ ವಾಪಸು ಬಿಡಿ. ನನ್ನದರಲ್ಲಿ ಆ ಅಂಕಿ 14. ವರ್ಷಕ್ಕೊಮ್ಮೆ, ಹವೆ ಹೆಚ್ಚುಕಡಿಮೆ ಹಿಂದಿನಷ್ಟೇ ಇರುವ ದಿನ ಮತ್ತೆ ಅಳೆಯಿರಿ. ಅಂಕಿ ಹಾಗೆಯೇ ಇದ್ದು ಪೆಲೆಟ್ ನಿಧಾನವಾಗಿದ್ದರೆ ಸೀಲಿನ ದೋಷ; ಅಂಕಿಯೇ ಇಳಿದಿದ್ದರೆ ಗ್ಯಾಸ್ ಸೋರಿದೆ.

ಗ್ಯಾಸ್ ಸೋರಿದ ಸಿಲಿಂಡರನ್ನು ಮನೆಯಲ್ಲಿ ತುಂಬಿಸಲು ಆಗುವುದಿಲ್ಲ. ಕಡಿಮೆ ಬೆಲೆಯ ರೈಫಲ್‌ಗಳಲ್ಲಿ ಅದನ್ನು ಇಡಿಯಾಗಿ ಬದಲಿಸುತ್ತಾರೆ, ಮತ್ತು ಅದನ್ನು ಒತ್ತಿಹಿಡಿಯುವ ಸಲಕರಣೆ ಇಲ್ಲದೆ ಹಿಂಭಾಗದ ಪಿನ್ನು ತೆಗೆದರೆ ಒಳಗಿನ ಭಾಗಗಳು ಮುಖಕ್ಕೆ ಎರಗುತ್ತವೆ. ಈ ಒಂದು ಕೆಲಸವನ್ನು ಕಂಪನಿಯ ಸರ್ವೀಸಿಗೆ ಬಿಡಿ. ಕೊಳ್ಳುವ ಮುನ್ನವೇ ಆ ಬಿಡಿಭಾಗ ಸಿಗುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳುವುದು ನಾಲ್ಕು ಸಾವಿರ ಕಡಿಮೆ ಬೆಲೆಗಿಂತ ಮುಖ್ಯ. ತೆಗೆದ ಹಳೆಯ ಸಿಲಿಂಡರಿನಲ್ಲಿ ಇನ್ನೂ ಒತ್ತಡ ಉಳಿದಿರಬಹುದು. ಅದನ್ನು ಕೊರೆಯುವುದು, ಕತ್ತರಿಸುವುದು, ಬೆಂಕಿಗೆ ಹಾಕುವುದು ಅಪಾಯಕರ. ಟ್ರಿಗರಿನ ಒಳಕೊಕ್ಕೆಯನ್ನು ಅರದಿಂದ ಉಜ್ಜಿ ಹಗುರ ಮಾಡುವುದೂ ಅಷ್ಟೇ ಅಪಾಯಕರ, ಏಕೆಂದರೆ ತಾನಾಗಿ ಕಳಚುವ ಕೋವಿಯನ್ನು ಯಾರ ಕೈಗೂ ಕೊಡಲಾಗುವುದಿಲ್ಲ.

ಮಳೆಗಾಲಕ್ಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲೂ ಕರಾವಳಿಯಲ್ಲೂ ತುಕ್ಕು ರಾತ್ರೋರಾತ್ರಿ ಏಳುತ್ತದೆ. ಸ್ಪಂಜಿನ ಒಳಪದರದ ಪೆಟ್ಟಿಗೆಯಲ್ಲಿ ರೈಫಲ್ ಇಡುವುದು ಸುರಕ್ಷಿತವೆಂದು ತೋರುತ್ತದೆ. ಆದರೆ ಸ್ಪಂಜು ತೇವ ಹಿಡಿದು ಲೋಹಕ್ಕೆ ಒತ್ತಿಕೊಂಡೇ ಇರುತ್ತದೆ. ಮೇ ಕೊನೆಯಲ್ಲಿ ಹೊರಗಿನ ಲೋಹಕ್ಕೆಲ್ಲ ತೆಳುವಾಗಿ ಎಣ್ಣೆ ಸವರಿ, ನಳಿಗೆಯ ಒಳಕ್ಕೆ ಎಣ್ಣೆ ಸೋಕಿದ ಒಂದೇ ಬಟ್ಟೆಯನ್ನು ಎಳೆದು, ಹತ್ತಿಯ ಚೀಲದಲ್ಲಿ ಹಾಕಿ, ನೆಲಕ್ಕೂ ಹೊರಗೋಡೆಗೂ ತಾಗದ ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಬೀರುವಿಗೆ ಬೀಗ ಇರಲಿ, ಪೆಲೆಟ್ ಡಬ್ಬಿ ಬೇರೆ ಕಡೆ ಇರಲಿ, ಬೀಗದ ಕೈ ಮಕ್ಕಳಿಗೆ ಸಿಗದಿರಲಿ. ಹದಿನೈದು ದಿನಕ್ಕೊಮ್ಮೆ ಹೊರತೆಗೆದು ಒರೆಸಿ, ಜೆಲ್ ಪೊಟ್ಟಣಗಳ ಬಣ್ಣ ಬದಲಾಗಿದ್ದರೆ ಹೊಸವನ್ನು ಇಡಿ. ಅಕ್ಟೋಬರಿನಲ್ಲಿ ಮೊದಲ ಈಡಿಗೆ ಮುನ್ನ ಒಣ ಬಟ್ಟೆಗಳನ್ನು ನಳಿಗೆಯಲ್ಲಿ ಎಳೆದು ಆ ಎಣ್ಣೆಯನ್ನು ಪೂರ್ತಿ ತೆಗೆಯಿರಿ, ಸ್ಕ್ರೂಗಳನ್ನು ಒಮ್ಮೆ ಬಿಗಿದುಕೊಳ್ಳಿ, 10 ಮೀಟರಿಗೆ ಹೊಸ ಹಾಳೆ ಕಟ್ಟಿ.